ಬೇಳೆಯೂ ಬಾಳೆಯೂ: ಅಂತರಜಾಲದ ಅಂಗಡಿಯಲ್ಲಿ ಹುಡುಕಾಟ

ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಮಹಾರಾಷ್ಟ್ರದ ಗಡಿಯ ಕಡೆಗೆ, ಆಳಂದ ಪಟ್ಟಣವಿದೆ. ಬಸ್ಸು ಹತ್ತಿದವನಿಗೆ ಈ ವಿಷಯದಲ್ಲಿ ಸಂಶಯವೇನೂ ಹುಟ್ಟದು. ಆದರೆ ಅದೇ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮತ್ತೇನನ್ನೂ ಸೇರಿಸದೆ, ಅಂತರಜಾಲದ ಶೋಧಕಕ್ಕೆ ಕೊಟ್ಟರೆ ಅದು ನಮ್ಮನ್ನು ಬಾಲ್ಟಿಕ್ ಸಮುದ್ರಕ್ಕೆ ಕೊಂಡೊಯ್ದರೂ ಒಯ್ದೀತು. ಸ್ವೀಡನ್ನಿಗೂ ಫಿನ್ಲೆಂಡಿಗೂ ನಡುವೆ ಓಲಾಂಡ್ ಎಂಬ ದ್ವೀಪಸಮೂಹವೊಂದುಂಟು. ಅದರ ಹೆಸರಿನ ಮೊದಲಕ್ಷರದ ನೆತ್ತಿಯ ಮೇಲೆ ಸಣ್ಣದೊಂದು ಸೊನ್ನೆಯನ್ನು ಬರೆಯುತ್ತಾರೆ. ಆ ಸೊನ್ನೆಯನ್ನು ಅಳಿಸಿದರೆ ಉಳಿಯುವ ಐದು ಅಕ್ಷರಗಳು ನಮ್ಮ ಆಳಂದದವೇ. ಕೊನೆಗೆ ಇನ್ನೊಂದಕ್ಷರ ಸೇರಿತೆಂದರೆ ಪುಣೆಯ ಬಳಿಯ ಆಳಂದಿ, ಜ್ಞಾನೇಶ್ವರರ ಸಮಾಧಿ ಇರುವ ಕ್ಷೇತ್ರ.

ಇದನ್ನು ಕಂಡು ನಾವು ನಗಬಹುದು. ಆಳಂದದಲ್ಲಿ ಬೇಳೆಯ ಗಿರಣಿಯನ್ನಿಟ್ಟುಕೊಂಡು, ದೂರದ ಊರಿನವರಿಗೂ ಬೇಳೆ ಕಳುಹಿಸೋಣವೆಂದು ಹೊರಟವನಿಗೆ ಇದು ನಗೆಯ ಮಾತಲ್ಲ. ಕೊಳ್ಳುವವನಿಗೆ ಬೇಳೆ ಬೇಕಾಗಿದೆ, ಮಾರುವವನ ಬಳಿ ಬೇಳೆ ಇದೆ. ನಡುವೆ ನಿಂತ ಯಂತ್ರವು ಒಬ್ಬನಿಗೆ ಇನ್ನೊಬ್ಬನನ್ನು ತೋರಿಸಲಾರದೆ ಹೋದರೆ ವ್ಯಾಪಾರ ಅಲ್ಲಿಗೇ ನಿಂತಿತು. ಪೇಟೆಯ ಅಂಗಡಿಯಲ್ಲಾದರೆ ಗಿರಾಕಿಯು ತಪ್ಪು ಹೆಸರು ಹೇಳಿದರೂ ಅಂಗಡಿಕಾರನು ಅವನ ಮುಖ ನೋಡಿ, ಬೆರಳು ತೋರಿದ ಕಡೆ ನೋಡಿ, ಅರ್ಥಮಾಡಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಚಾತುರ್ಯವಿಲ್ಲ. ಅದು ಎಲ್ಲಿ ಎಡವುತ್ತದೆ, ಎಡವದಂತೆ ಅದನ್ನು ತಿದ್ದುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ದಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, "ಸರ್, ಅಂಗಡಿ ಹೆಸರು ಹೊಡದ್ರ ಬರ್ತದ್ರಿ. ಸಾಮಾನಿನ ಹೆಸರು ಹೊಡದ್ರ ಬರಂಗಿಲ್ರಿ" ಎಂದನು. ಅವನ ಮನೆಯವರದು ಆಳಂದ ತಾಲ್ಲೂಕಿನಲ್ಲಿ ಒಂದು ಸಣ್ಣ ಬೇಳೆಗಿರಣಿ. ಅವನ ಅತ್ತಿಗೆಯವರು ಸ್ವಸಹಾಯ ಸಂಘದ ಹೆಂಗಸರೊಡನೆ ಖಡಕ್ ರೊಟ್ಟಿ ಮಾಡುತ್ತಾರೆ. ಎರಡನ್ನೂ ಮಾರಲು ಅಣ್ಣತಮ್ಮಂದಿರು ಸೇರಿ ಅಂತರಜಾಲದಲ್ಲಿ ಒಂದು ಅಂಗಡಿಯನ್ನು ತೆರೆದಿದ್ದರು. ಅದರಲ್ಲಿ ಹುಡುಕಾಟಕ್ಕೆಂದು ಒಂದು ಚೌಕವಿತ್ತು. ಅದರ ಹಿಂದಿನ ಕ್ರಮವಿಧಿಯನ್ನು ಇವನೇ ಬರೆದಿದ್ದನು. ಆ ಚೌಕದಲ್ಲಿ 'ಕಡಲೆ' ಎಂದು ಬರೆದರೆ ಕಡಲೆ ಬರುತ್ತಿತ್ತು. 'ಉದ್ದು', 'ಹೆಸರು' ಎಂದರೆ ಅವೂ ಬರುತ್ತಿದ್ದವು. ಆದರೆ 'ತೊಗರಿ', 'ಜೋಳ', 'ರೊಟ್ಟಿ', 'ಬೇಳೆ' ಎಂದರೆ ಮಾತ್ರ ಬರಿದಾದ ಪುಟ. ಗಿರಣಿಯ ಪ್ರಾಣವೇ ಆದ ಸರಕುಗಳು ಕಾಣೆಯಾಗಿ, ಬದಿಯ ಸರಕುಗಳು ಮಾತ್ರ ಉಳಿದಿದ್ದುವು. ವಾಚಕರು ಮುಂದೆ ಓದುವ ಮೊದಲು ಈ ಎರಡು ಗುಂಪಿನ ಶಬ್ದಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಉತ್ತರವು ಅವುಗಳ ಬರವಣಿಗೆಯಲ್ಲಿಯೇ ಇದೆ.

ಮೊದಲು ಹುಡುಕಾಟದ ಯಂತ್ರ ಹೇಗೆ ಕೆಲಸ ಮಾಡುವುದೆಂಬುದನ್ನು ತಿಳಿಯೋಣ. ನಾವು ಕೇಳಿದ ಕ್ಷಣದಲ್ಲಿ ಅದು ಅಂಗಡಿಯ ಸರಕನ್ನೆಲ್ಲ ಒಂದೊಂದಾಗಿ ತಡಕಿ ನೋಡುವುದೆಂದು ಅನೇಕರ ನಂಬಿಕೆ. ಹಾಗೇನೂ ಇಲ್ಲ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಶಬ್ದಸೂಚಿ ಇರುವುದಷ್ಟೆ. ಯಂತ್ರವೂ ಅಂಥದೊಂದು ಸೂಚಿಯನ್ನು ಮುಂಚಿತವಾಗಿಯೇ ಕಟ್ಟಿಟ್ಟುಕೊಂಡಿರುತ್ತದೆ. 'ತೊಗರಿ' ಎಂಬ ಶಬ್ದದ ಮುಂದೆ 4, 17, 32ನೆಯ ಸರಕುಗಳೆಂದೂ, 'ಬೇಳೆ' ಎಂಬುದರ ಮುಂದೆ 4, 9, 17ನೆಯವೆಂದೂ ಬರೆದಿದೆಯೆನ್ನೋಣ. 'ತೊಗರಿ ಬೇಳೆ' ಎಂದು ಯಾರಾದರೂ ಕೇಳಿದರೆ ಯಂತ್ರವು ಈ ಎರಡು ಸಾಲುಗಳನ್ನು ಒತ್ತಟ್ಟಿಗಿಟ್ಟು, ಎರಡರಲ್ಲಿಯೂ ಇರುವ 4 ಮತ್ತು 17ನ್ನು ಎತ್ತಿ ಕೊಡುತ್ತದೆ. ಕೋಟ್ಯಂತರ ಪುಟಗಳ ನಡುವೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ದೊರೆಯುವ ಗುಟ್ಟಿನ ಬಹುಭಾಗ ಇಷ್ಟೆ. ಆದರೆ ಇದರಲ್ಲಿಯೇ ಅದರ ದೌರ್ಬಲ್ಯವೂ ಅಡಗಿದೆ. ಕೇಳಿದವನ ಶಬ್ದವು ಸೂಚಿಯಲ್ಲಿ ಇದ್ದಂತೆಯೇ ಇಲ್ಲದಿದ್ದರೆ, ಸರಕು ಕಣ್ಣೆದುರಿಗಿದ್ದರೂ ಯಂತ್ರದ ಪಾಲಿಗೆ ಅದು ಇಲ್ಲ.

'ಇದ್ದಂತೆಯೇ' ಎಂದರೆ ಯಾವ ಅರ್ಥದಲ್ಲಿ? ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಸಂಖ್ಯೆ ಮಾತ್ರ ತಿಳಿಯುವುದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ತಕಾರಕ್ಕೆ 3236, ಗಕಾರಕ್ಕೆ 3223, ರಕಾರಕ್ಕೆ 3248, ಇಕಾರದ ಗುಡಿಸಿಗೆ 3263. ಇನ್ನು 'ತೊ' ಎಂಬಲ್ಲಿ ಬರುವ ಒಕಾರದ ಚಿಹ್ನೆಗೆ 3274. ಹೀಗಾಗಿ 'ತೊಗರಿ' ಎಂದರೆ ಯಂತ್ರಕ್ಕೆ 3236, 3274, 3223, 3248, 3263 ಎಂಬ ಐದು ಸಂಖ್ಯೆಗಳ ಸರ. ಆದರೆ ನಮ್ಮ ಒಕಾರವು ಬರವಣಿಗೆಯಲ್ಲಿ ಎಕಾರದ ಎತ್ವವನ್ನೂ ಊಕಾರದ ಕೊಂಬನ್ನೂ ಒಟ್ಟಿಗೆ ಇಟ್ಟ ಹಾಗೆ ಕಾಣುವುದಲ್ಲವೆ? ಆದುದರಿಂದ ಅದನ್ನು 3270 ಮತ್ತು 3266 ಎಂಬ ಎರಡು ಸಂಖ್ಯೆಗಳಾಗಿಯೂ ಬರೆಯಬಹುದು. ಆಗ ಅದೇ ತೊಗರಿಯು ಆರು ಸಂಖ್ಯೆಗಳ ಸರವಾಗುತ್ತದೆ. ತೆರೆಯ ಮೇಲೆ ಎರಡೂ ಒಂದೇ. ಭೂತಗನ್ನಡಿಯಿಟ್ಟು ನೋಡಿದರೂ ಭೇದ ಕಾಣದು. ಸಂಖ್ಯೆಗಳನ್ನು ಹೋಲಿಸುವ ಯಂತ್ರಕ್ಕಾದರೋ ಐದರ ಸರ ಬೇರೆ, ಆರರ ಸರ ಬೇರೆ.

ಏ ಮತ್ತು ಓ ಸ್ವರಚಿಹ್ನೆಗಳದೂ ಇದೇ ಪಾಡು, ಏಕೆಂದರೆ ಅವುಗಳ ದೀರ್ಘವನ್ನು ಬೇರೆಯಾಗಿ ಬರೆಯುವ ದಾರಿಯೊಂದಿದೆ. ಕಡಲೆ, ಉದ್ದು, ಹೆಸರು ಎಂಬ ಶಬ್ದಗಳಲ್ಲಿ ಇಂಥ ಒಡೆಯಬಹುದಾದ ಚಿಹ್ನೆ ಒಂದೂ ಇಲ್ಲ. ತೊಗರಿ, ಜೋಳ, ರೊಟ್ಟಿ, ಬೇಳೆ ಎಂಬವುಗಳಲ್ಲಿ ಒಂದೊಂದು ಇದೆ. ಜೇವರ್ಗಿಯ ಹೆಸರಿನಲ್ಲಿಯೂ ಇದೆ. ವಿಚಾರಿಸಿದಾಗ ತಿಳಿದುಬಂದುದು ಇಷ್ಟು: ಸರಕುಗಳ ಪಟ್ಟಿಯನ್ನು ಬಹಳ ಹಿಂದೆ ಮುದ್ರಣದ ಅಂಗಡಿಯೊಂದರಲ್ಲಿ ಹಳೆಯ ಬಗೆಯ ಅಕ್ಷರಶೈಲಿಯಲ್ಲಿ ಜೋಡಿಸಿದ್ದರು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅಕ್ಷರಗಳ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕೂರಿಸಿ ಕೆಲಸ ನಡೆಸುತ್ತಿದ್ದರು. ಇಂದಿಗೂ ಅಂಥ ಕಡತಗಳು ನಮ್ಮ ಕಚೇರಿಗಳಲ್ಲಿ ರಾಶಿ ಬಿದ್ದಿವೆ. ಆ ಪಟ್ಟಿಯನ್ನು ಯಾವುದೋ ಪರಿವರ್ತಕದಿಂದ ಯೂನಿಕೋಡಿಗೆ ತಂದಾಗ ತುಂಡುಗಳು ತುಂಡುಗಳಾಗಿಯೇ ಉಳಿದುಕೊಂಡಿದ್ದುವು. ಮೊಬೈಲಿನಿಂದ ಹುಡುಕುವವನು ಮಾತ್ರ ಇಡಿಯ ಚಿಹ್ನೆಯನ್ನು ಒತ್ತುತ್ತಿದ್ದನು. ಯೂನಿಕೋಡನ್ನು ರಚಿಸಿದವರು ಈ ತೊಡಕನ್ನು ಊಹಿಸಿ, ಎರಡು ರೂಪಗಳೂ ಸಮಾನವೆಂದು ಸಾರಿ, ಒಂದನ್ನು ಇನ್ನೊಂದಕ್ಕೆ ತರುವ ನಿಯಮವನ್ನೂ ಕೊಟ್ಟಿದ್ದಾರೆ. ಸೂಚಿ ಕಟ್ಟುವ ಮೊದಲೊಮ್ಮೆ, ಹುಡುಕುವ ಮೊದಲೊಮ್ಮೆ ಆ ನಿಯಮವನ್ನು ಅನ್ವಯಿಸಿದರಾಯಿತು. ನಮ್ಮ ಹುಡುಗನು ಒಂದೇ ಸಾಲನ್ನು ಸೇರಿಸಿದನು. ತೊಗರಿ ಅಂಗಡಿಗೆ ಮರಳಿತು.

ಅಫಜಲಪುರದ ಹೆಸರಿಗೆ ಇನ್ನೊಂದು ಬಗೆಯ ಕಾಟವುಂಟು. ಅಫಜಲಪುರ, ಅಫ್ಜಲಪುರ, ಅಫಝಲಪುರ, ಅಫಜಲ್‌ಪುರ ಎಂದು ನಾನಾ ವಿಧವಾಗಿ ಬರೆಯುತ್ತಾರೆ. ಕೆಲವರು ಪರಭಾಷೆಯ ಉಚ್ಚಾರವನ್ನು ತೋರಿಸಲು ಫಕಾರದ ಕೆಳಗೆ ಚುಕ್ಕೆಗಳನ್ನೂ ಇಡುತ್ತಾರೆ. ಇವೆಲ್ಲವೂ ಸರಿಯೆ, ಯಾವುದನ್ನೂ ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಇದರ ಮೇಲೆ ನಮ್ಮ ಭಾಷೆಯ ಪ್ರತ್ಯಯಗಳು ಬೇರೆ. ಅಫಜಲಪುರದಲ್ಲಿ, ಅಫಜಲಪುರದಿಂದ, ಅಫಜಲಪುರಕ್ಕೆ, ಅಫಜಲಪುರದವರ ಎಂದು ಒಂದು ಹೆಸರು ಹತ್ತು ವೇಷ ಹಾಕುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲ ಬೇರೆ ಬೇರೆ ಶಬ್ದಗಳಾಗಿ ಹೆಸರಿನಿಂದ ದೂರ ನಿಲ್ಲುವುದರಿಂದ ಅಲ್ಲಿಯ ಶೋಧಕಕ್ಕೆ ಈ ಕಷ್ಟ ಅಷ್ಟಾಗಿ ಇಲ್ಲ. ಕನ್ನಡದ ಶೋಧಕವು ಪ್ರತ್ಯಯವನ್ನು ಸುಲಿದು ಮೂಲವನ್ನು ಉಳಿಸಿಕೊಳ್ಳಲು ಕಲಿಯಬೇಕು. ಆದರೆ ಸುಲಿಯುವಾಗ ಕೈ ಹದವಾಗಿರಬೇಕು. ಅತಿಯಾಗಿ ಸುಲಿದರೆ ಸಿಪ್ಪೆಯೊಡನೆ ಕಾಳೂ ಹೋಗುತ್ತದೆ. ಬೇಳೆಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಕಾಗುಣಿತದ ತಪ್ಪುಗಳ ವಿಚಾರ. ಒಂದು ಶಬ್ದವು ಇನ್ನೊಂದಕ್ಕೆ ಎಷ್ಟು ಹತ್ತಿರವೆಂದು ಅಳೆಯಲು ಸಾಧ್ಯವೆ? ಸಾಧ್ಯವೆಂದು 1965ರಲ್ಲಿ ರಷ್ಯದ ಗಣಿತಜ್ಞ ವ್ಲದೀಮಿರ್ ಲೆವೆನ್‌ಶ್ಟೈನ್ ತೋರಿಸಿದರು. ಅವರ ಮನಸ್ಸಿನಲ್ಲಿದ್ದುದು ಅಂಗಡಿಗಳಲ್ಲ. ಸಂದೇಶಗಳನ್ನು ಕಳುಹಿಸುವಾಗ ಅಂಕಿಗಳು ಬಿಟ್ಟುಹೋಗುವ, ಸೇರಿಕೊಳ್ಳುವ ದೋಷಗಳನ್ನು ತಿದ್ದುವ ಸಂಕೇತಗಳನ್ನು ಅವರು ಅಭ್ಯಸಿಸುತ್ತಿದ್ದರು. ಅವರ ಅಳತೆ ಬಹು ಸರಳ. ಒಂದು ಶಬ್ದವನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ತಿದ್ದುಪಾಟುಗಳು ಬೇಕು? ಒಂದು ಚಿಹ್ನೆಯನ್ನು ಸೇರಿಸುವುದು, ತೆಗೆಯುವುದು, ಬದಲಾಯಿಸುವುದು, ಇವುಗಳಲ್ಲಿ ಪ್ರತಿಯೊಂದನ್ನೂ ಒಂದು ಹೆಜ್ಜೆಯೆಂದು ಎಣಿಸಬೇಕು. ಆಳಂದದಿಂದ ಆಳಂದಿಗೆ ದೂರ ಒಂದು ಹೆಜ್ಜೆ. ಭೂಪಟದ ಮೇಲೆ ಅದು ಮುನ್ನೂರು ಕಿಲೋಮೀಟರಿಗೆ ಹತ್ತಿರವಾದರೂ ಆಗಲಿ!

ನಮ್ಮ ವಿದ್ಯಾರ್ಥಿಯು ಈ ಅಳತೆಯನ್ನು ಓದಿ ಹಿಗ್ಗಿ, ಒಂದು ಹೆಜ್ಜೆಯ ತಪ್ಪನ್ನು ಕ್ಷಮಿಸುವಂತೆ ತನ್ನ ಯಂತ್ರವನ್ನು ತಿದ್ದಿದನು. ಮರುವಾರವೇ ಒಂದು ವಿಚಿತ್ರ ನಡೆಯಿತು. ಯಾರೋ ಗಿರಾಕಿಯು ಅಂಗಡಿ ಯಾವ ಹೊತ್ತಿಗೆ ತೆರೆಯುವುದೆಂದು ತಿಳಿಯಲು 'ಅಂಗಡಿ ವೇಳೆ' ಎಂದು ಬರೆದನು. ಯಂತ್ರವು ಅವನ ಮುಂದೆ ಇದ್ದ ಬದ್ದ ಬೇಳೆಗಳನ್ನೆಲ್ಲ ಸುರಿಯಿತು. ವೇಳೆಗೂ ಬೇಳೆಗೂ ಒಂದೇ ಹೆಜ್ಜೆ. ಬಾಳೆಗೂ ಬೇಳೆಗೂ ಒಂದೇ ಹೆಜ್ಜೆ. ಹೊಲದ ಬೆಳೆಗೂ ಬೇಳೆಗೂ ಒಂದೇ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಬೇಳೆಯನ್ನು 'ಬ್ಯಾಳಿ' ಎನ್ನುತ್ತಾರಷ್ಟೆ. ಆ ದೂರವನ್ನು ವಾಚಕರು ಕಾಗದದ ಮೇಲೆ ಎಣಿಸಿ ನೋಡಬಹುದು. ಏಕಾರದ ಚಿಹ್ನೆ ಹೋಗಿ ಅರ್ಧಾಕ್ಷರದ ಚಿಹ್ನೆ ಬರಬೇಕು, ಯಕಾರ ಸೇರಬೇಕು, ಆಕಾರದ ಚಿಹ್ನೆ ಸೇರಬೇಕು, ಕೊನೆಯ ಎಕಾರ ಇಕಾರವಾಗಬೇಕು: ನಾಲ್ಕು ಹೆಜ್ಜೆ. ಎಂದರೆ, ಒಂದೇ ಪದಾರ್ಥದ ಎರಡು ಹೆಸರುಗಳು ದೂರದಲ್ಲಿಯೂ, ಸಂಬಂಧವೇ ಇಲ್ಲದ ಬಾಳೆ ಹತ್ತಿರದಲ್ಲಿಯೂ ಇವೆ. ಅಕ್ಷರಗಳ ಲೆಕ್ಕವು ಅರ್ಥದ ಲೆಕ್ಕವಲ್ಲವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ನಮಗೆ ಇನ್ನೂ ಸಿಕ್ಕಿಲ್ಲ.

ಅಕ್ಷರಗಳ ಬದಲು ಧ್ವನಿಯನ್ನು ಹೋಲಿಸಬಾರದೇಕೆ? ಈ ಆಲೋಚನೆ ಹಳೆಯದು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಸೌಂಡೆಕ್ಸ್ ಎಂಬ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಹತ್ತಿರದ ಧ್ವನಿಗಳಿಗೆ ಒಂದೇ ಅಂಕಿಯನ್ನು ಕೊಟ್ಟು, ಸ್ವರಗಳನ್ನು ಬಿಟ್ಟು, ಪ್ರತಿ ಹೆಸರನ್ನೂ ಒಂದಕ್ಷರ ಮತ್ತು ಮೂರಂಕಿಗಳಿಗೆ ಇಳಿಸುವುದು ಅದರ ರೀತಿ. ಇದನ್ನು ಜೇವರ್ಗಿಗೆ ಅನ್ವಯಿಸಿ ನೋಡೋಣ. ಇಂಗ್ಲಿಷಿನಲ್ಲಿ ಕೆಲವರು ಆ ಹೆಸರನ್ನು 'ವಿ' ಅಕ್ಷರದಿಂದ ಬರೆಯುತ್ತಾರೆ, ಕೆಲವರು 'ಡಬ್ಲ್ಯು' ಅಕ್ಷರದಿಂದ. ನಮ್ಮ ಕಿವಿಗೆ ಎರಡೂ ಒಂದೇ ವಕಾರ. ಸೌಂಡೆಕ್ಸಿನಲ್ಲಾದರೋ 'ವಿ'ಗೆ 1 ಎಂಬ ಅಂಕಿ ಇದೆ, 'ಡಬ್ಲ್ಯು'ವನ್ನು ಬಿಟ್ಟೇ ಬಿಡುತ್ತಾರೆ. ಆದ್ದರಿಂದ ಮೊದಲನೆಯದು ಜೆ 162 ಆಗುತ್ತದೆ, ಎರಡನೆಯದು ಜೆ 620. ಹೆಸರುಗಳನ್ನು ಕೂಡಿಸಲು ಹುಟ್ಟಿದ ಯಂತ್ರವು ಜೇವರ್ಗಿಯನ್ನು ಎರಡು ಊರು ಮಾಡಿತು. ಪರದೇಶದ ಸಲಕರಣೆಯನ್ನು ತಂದು ಹಾಗೆಯೇ ಹೂಡಿದರೆ ಹೀಗಾಗುವುದುಂಟು. ನಮ್ಮ ಬಾಯಿಯ ನಿಯಮಗಳನ್ನು ನಾವೇ ಬರೆಯಬೇಕು, ಮತ್ತು ಅವು ಬರೆಯಲಾರದಷ್ಟು ಕಷ್ಟವೂ ಅಲ್ಲ. ಬೇಳೆ ಬ್ಯಾಳಿಯಾಗುವಂತೆಯೇ ಪೇಟೆ ಪ್ಯಾಟಿಯಾಗುತ್ತದೆ, ಜೋಳವು ಜ್ವಾಳವಾಗುತ್ತದೆ. ಏಕಾರವಿದ್ದಲ್ಲಿ ಯಾ, ಓಕಾರವಿದ್ದಲ್ಲಿ ವಾ, ಕೊನೆಯ ಎಕಾರವಿದ್ದಲ್ಲಿ ಇ. ಈ ಎರಡು ಮೂರು ಸೂತ್ರಗಳು ಕಲಬುರಗಿಯ ಮಾತಿನ ಎಷ್ಟೋ ಶಬ್ದಗಳನ್ನು ಹಿಡಿಯುತ್ತವೆ. ಬಾಯಿಂದ ಹೇಳಿ ಹುಡುಕುವ ಅನುಕೂಲ ಮೊಬೈಲುಗಳಲ್ಲಿ ಬಂದಿರುವ ಈಗ ಈ ಸೂತ್ರಗಳ ಬೆಲೆ ಇನ್ನೂ ಹೆಚ್ಚು. ಬರೆಯುವಾಗ ಬೇಳೆಯೆಂದು ಬರೆಯುವವನೂ ಮಾತಾಡುವಾಗ ಬ್ಯಾಳಿ ಎಂದೇ ಅನ್ನುವನು.

ಸೂತ್ರಕ್ಕೆ ಸಿಕ್ಕದ ಹೆಸರುಗಳಿಗೆ ಪಟ್ಟಿಯೇ ಗತಿ. ತೊಗರಿಯನ್ನು ಹಿಂದಿಯವರು ಅರ್ಹರ್ ಎಂದೂ, ಮರಾಠಿಯವರು ತೂರ್ ಎಂದೂ, ತೆಲುಗರು ಕಂದಿ ಎಂದೂ ಕರೆಯುವರು. ಇದನ್ನು ಯಾವ ಗಣಿತವೂ ಊಹಿಸಲಾರದು. ಇತ್ತೀಚಿನ ದೊಡ್ಡ ಶೋಧಕಗಳು ಅಪಾರವಾದ ಬರಹವನ್ನು ಓದಿ, ಯಾವ ಶಬ್ದ ಯಾವುದರ ನೆರೆಯಲ್ಲಿ ಬರುವುದೆಂಬುದರಿಂದ ಅರ್ಥಸಾಮ್ಯವನ್ನು ತಾವೇ ಕಲಿಯುತ್ತವೆ. ಆದರೆ ಕಲಿಯಲು ಬರಹ ಇರಬೇಕು. ಬ್ಯಾಳಿ ಎಂದು ಬರೆದವರು ಎಷ್ಟು ಮಂದಿ?

ಇಲ್ಲಿ ಭೌತಶಾಸ್ತ್ರದವರಾದ ನಮಗೆ ರೇಡಿಯೋದ ನೆನಪಾಗುತ್ತದೆ. ಗ್ರಾಹಕಯಂತ್ರದ ಶ್ರುತಿಯನ್ನು ಬಹು ಮೊನಚಾಗಿಟ್ಟರೆ ಪಕ್ಕದ ನಿಲಯದ ಗದ್ದಲ ಕೇಳಿಸದು. ಆದರೆ ತಿರುಪನ್ನು ಕೂದಲೆಳೆಯಷ್ಟು ತಪ್ಪಿಸಿದರೂ ನಮ್ಮ ನಿಲಯವೇ ಕೈತಪ್ಪುವುದು. ಶ್ರುತಿಯನ್ನು ಅಗಲಮಾಡಿದರೆ ನಿಲಯವು ಸುಲಭವಾಗಿ ಸಿಕ್ಕುತ್ತದೆ, ಅದರೊಡನೆ ಇನ್ನೆರಡು ನಿಲಯಗಳ ಹಾಡೂ ಬೆರೆತು ಬರುತ್ತದೆ. ಹುಡುಕಾಟದಲ್ಲಿಯೂ ಹೀಗೆಯೆ. ಬೇಕಾದುದನ್ನೆಲ್ಲ ಬಿಡದೆ ಹಿಡಿಯುವುದು ಒಂದು ಗುಣ. ಬೇಡದ್ದನ್ನು ಒಳಗೆ ಬಿಡದಿರುವುದು ಇನ್ನೊಂದು. ಇಂಗ್ಲೆಂಡಿನ ಕ್ರಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಗ್ರಂಥಪಾಲರು 1960ರ ದಶಕದಲ್ಲಿ ವಿಮಾನಶಾಸ್ತ್ರದ ಸುಮಾರು 1,400 ಪ್ರಬಂಧಗಳನ್ನಿಟ್ಟುಕೊಂಡು ಈ ಎರಡು ಗುಣಗಳನ್ನು ಅಳೆದರು. ಒಂದನ್ನು ಹೆಚ್ಚಿಸಹೊರಟರೆ ಇನ್ನೊಂದು ಸಾಮಾನ್ಯವಾಗಿ ತಗ್ಗುವುದೆಂದು ಅವರ ಪ್ರಯೋಗಗಳಲ್ಲಿ ಕಂಡುಬಂದಿತು. ಎರಡನ್ನೂ ಪೂರ್ತಿಯಾಗಿ ಕೊಡುವ ಶೋಧಕವನ್ನು ಮಾರುತ್ತೇವೆಂದು ಬಂದವರ ಮಾತನ್ನು ಅಂಗಡಿಯವರು ಸ್ವಲ್ಪ ಸಂದೇಹದಿಂದಲೇ ಕೇಳುವುದು ಲೇಸು.

ಆದುದರಿಂದ ಕೆಲವನ್ನು ಹೆಚ್ಚಾಗಿ ಹಿಡಿದು, ಹಿಡಿದುದನ್ನು ಒಳ್ಳೆಯ ಕ್ರಮದಲ್ಲಿ ಜೋಡಿಸುವುದು ಜಾಣತನ. ಈ ಕ್ರಮವನ್ನು ಕಟ್ಟುವ ಒಂದು ಸೊಗಸಾದ ಉಪಾಯವನ್ನು ಕೇಂಬ್ರಿಜ್ಜಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ 1972ರಲ್ಲಿ ಪ್ರಕಟಿಸಿದರು. ಎಲ್ಲೆಲ್ಲಿಯೂ ಬರುವ ಶಬ್ದಕ್ಕೆ ತೂಕ ಕಡಿಮೆ, ಅಪರೂಪದ ಶಬ್ದಕ್ಕೆ ತೂಕ ಹೆಚ್ಚು ಎಂಬುದು ಅದರ ಸಾರ. ಒಂದು ದೊಡ್ಡ ಅಂಗಡಿಯಲ್ಲಿ 1,000 ಸರಕುಗಳಿವೆಯೆಂದು ಭಾವಿಸೋಣ. ಅವುಗಳಲ್ಲಿ 500ರ ವರ್ಣನೆಯಲ್ಲಿ 'ಬೇಳೆ' ಎಂದಿದೆ, 100ರಲ್ಲಿ 'ತೊಗರಿ', ಒಂದರಲ್ಲಿ ಮಾತ್ರ 'ಆಳಂದ'. ಒಟ್ಟು ಸರಕನ್ನು ಶಬ್ದವಿರುವ ಸರಕಿನಿಂದ ಭಾಗಿಸಿ ಲಾಗರಿದಮ್ ತೆಗೆದರೆ ಬೇಳೆಗೆ 0.3, ತೊಗರಿಗೆ 1, ಆಳಂದಕ್ಕೆ 3. 'ಆಳಂದ ತೊಗರಿ ಬೇಳೆ' ಎಂದು ಕೇಳಿದವನಿಗೆ ಊರಿನ ಹೆಸರುಳ್ಳ ಒಂದೇ ಸರಕು 4.3 ಅಂಕ ಪಡೆದು ಮೇಲೇರುತ್ತದೆ. ಹೆಸರಿಲ್ಲದ ತೊಗರಿಬೇಳೆ 1.3ರಲ್ಲಿ ನಿಲ್ಲುತ್ತದೆ. ಮಾರುವವರು ಇದರಿಂದ ತಿಳಿಯಬೇಕಾದ ಸಂಗತಿ ಒಂದುಂಟು. ತಮ್ಮ ಸರಕಿನ ವರ್ಣನೆಯಲ್ಲಿ 'ಉತ್ತಮ', 'ಶುದ್ಧ', 'ಶ್ರೇಷ್ಠ' ಎಂದು ಎಷ್ಟು ಸಲ ಬರೆದರೂ ಫಲವಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಬರೆದಿರುತ್ತಾರೆ. ಊರಿನ ಹೆಸರನ್ನು ಒಮ್ಮೆ ಬರೆದರೆ ಅದರ ತೂಕ ಹತ್ತು ಪಾಲು.

ಆದರೆ ಯಾವ ಊರಿನ ಹೆಸರು, ಯಾವ ಕಾಲದ್ದು? ಗುಲ್ಬರ್ಗವು 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು 2019ರಲ್ಲಿ, ಅದೂ 'ಗುಲ್ಬರ್ಗ ತೂರ್ ದಾಲ್' ಎಂಬ ಹಳೆಯ ಹೆಸರಿನಲ್ಲಿ. ಇತ್ತ ಜಿಲ್ಲಾಡಳಿತವು ಸ್ವಸಹಾಯ ಸಂಘಗಳ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೊಸ ಹೆಸರಿನಲ್ಲಿ ಮಾರಾಟಕ್ಕೆ ತಂದಿದೆ. ಒಂದೇ ಮನೆಯ ಬೇಳೆ ಗುಲ್ಬರ್ಗದ್ದು, ರೊಟ್ಟಿ ಕಲಬುರಗಿಯದು! ಎರಡೂ ಹೆಸರನ್ನು ಬರೆಯದ ಅಂಗಡಿ ಅರ್ಧ ಗಿರಾಕಿಗಳಿಗೆ ಕಾಣದು. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ದತ್ತಕ್ಷೇತ್ರವಾದ ಗಾಣಗಾಪುರವಿದೆ. ಅದನ್ನು ಗಂಗಾಪುರವೆಂದು ಬರೆದು ವಸತಿ ಹುಡುಕುವ ಯಾತ್ರಿಕನ ಮುಂದೆ ನಾಸಿಕದ ಬಳಿಯ ಗಂಗಾಪುರ ಅಣೆಕಟ್ಟೂ, ರಾಜಸ್ಥಾನದ ಗಂಗಾಪುರ ನಗರವೂ ಬಂದು ನಿಲ್ಲುತ್ತವೆ. ಅಲ್ಲಿಯ ವಸತಿಗೃಹದವನು ಕಲಬುರಗಿ ಜಿಲ್ಲೆ, ಭೀಮಾ ತೀರ, ದತ್ತ ದೇವಸ್ಥಾನ ಎಂಬ ಮೂರು ಗುರುತುಗಳನ್ನು ತನ್ನ ಪುಟದಲ್ಲಿ ಬರೆದಿದ್ದರೆ ಗೊಂದಲವು ಬಹುಮಟ್ಟಿಗೆ ತಪ್ಪುತ್ತಿತ್ತು.

ಹೆಸರಿನ ಗೊಂದಲಕ್ಕೆ ಸಂಖ್ಯೆಯೇ ಮದ್ದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಅಂಚೆಯ ಪಿನ್ ಸಂಖ್ಯೆಯನ್ನು ನೆನೆಯಿರಿ. ಆಳಂದ, ಅಫಜಲಪುರ, ಜೇವರ್ಗಿ ಮೂರಕ್ಕೂ ಅದು 585 ಎಂದೇ ಆರಂಭವಾಗುತ್ತದೆ. ಆಳಂದಿಗೆ ಹಾಗಲ್ಲ, ಬಾಲ್ಟಿಕ್ಕಿನ ದ್ವೀಪಗಳಿಗೆ ಅದರ ಸುಳಿವೇ ಇಲ್ಲ. ವ್ಯಾಪಾರಸಂಸ್ಥೆಗಳಿಗೂ ಇಂಥ ಸಂಖ್ಯೆಗಳುಂಟು. ಜಿ.ಎಸ್.ಟಿ.ಗೆ ನೋಂದಾಯಿಸಿದವರಿಗೆ ಹದಿನೈದು ಚಿಹ್ನೆಗಳ ಗುರುತು ಕೊಡುತ್ತಾರೆ. ಮೊದಲೆರಡು ರಾಜ್ಯದ ಅಂಕಿ, ಕರ್ನಾಟಕಕ್ಕೆ 29; ಮುಂದಿನ ಹತ್ತು ಆದಾಯ ತೆರಿಗೆಯ ಪ್ಯಾನ್; ಕೊನೆಯದು ಉಳಿದ ಹದಿನಾಲ್ಕರಿಂದ ಲೆಕ್ಕಹಾಕಿ ತೆಗೆದ ಪರೀಕ್ಷಾಚಿಹ್ನೆ. ನಡುವೆ ಒಂದಂಕಿ ತಪ್ಪಿದರೆ ಕೊನೆಯ ಚಿಹ್ನೆ ತಾಳೆಯಾಗದೆ ತಪ್ಪು ಹೊರಬೀಳುತ್ತದೆ. ಲೆಕ್ಕ ತಾಳೆಯಾದ ಮಾತ್ರಕ್ಕೆ ಸಂಸ್ಥೆ ನಿಜವೆಂದಲ್ಲ, ಸರಕಾರದ ಜಿ.ಎಸ್.ಟಿ. ತಾಣದಲ್ಲಿ ಆ ಸಂಖ್ಯೆಯನ್ನು ಕೊಟ್ಟು ಯಾರ ಹೆಸರಿಗಿದೆಯೆಂದು ಯಾರು ಬೇಕಾದರೂ ನೋಡಬಹುದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮೋಸಗಾರರು ಹೆಸರಾಂತ ಸಂಸ್ಥೆಗಳ 'ಗ್ರಾಹಕ ಸೇವೆ'ಯ ದೂರವಾಣಿಯೆಂದು ತಮ್ಮ ಸಂಖ್ಯೆಯನ್ನು ಅಂತರಜಾಲದಲ್ಲಿ ಅಲ್ಲಲ್ಲಿ ನೆಟ್ಟಿರುತ್ತಾರೆ. ಶೋಧಕವು ಶಬ್ದಗಳು ತಾಳೆಯಾದುವೆಂದು ಅದನ್ನು ತೋರಿಸುತ್ತದೆ. ತೋರಿಸಿದವನು ಸತ್ಯವಂತನೋ ಅಲ್ಲವೋ ಎಂದು ಅದಕ್ಕೆ ಪೂರ್ತಿಯಾಗಿ ತಿಳಿಯದು. ನಮ್ಮ ಪರಿಚಿತರಾದ ಹಿರಿಯರೊಬ್ಬರು ಹಾಗೆ ಸಿಕ್ಕಿದ ಸಂಖ್ಯೆಗೆ ಕರೆಮಾಡಿ, ಕೇಳಿದ್ದನ್ನೆಲ್ಲ ಹೇಳಿ, ತೊಗರಿ ಮಾರಿ ಬಂದ ಹಣದಲ್ಲಿ ದೊಡ್ಡ ಭಾಗವನ್ನು ಕಳೆದುಕೊಂಡರು. ಅವರು ಮಾಡಿದ ತಪ್ಪೆಂದರೆ ಪಟ್ಟಿಯಲ್ಲಿ ಮೊದಲು ಬಂದುದನ್ನು ನಂಬಿದ್ದು. ಸಂಸ್ಥೆಯ ಸ್ವಂತ ತಾಣದಲ್ಲಿಯೋ, ಕೊಂಡ ಸರಕಿನ ರಸೀತಿಯ ಮೇಲೋ ಇರುವ ಸಂಖ್ಯೆಯನ್ನು ಮಾತ್ರ ನಂಬಬೇಕು. ಮೋಸ ನಡೆದುಹೋದರೆ 1930 ಎಂಬ ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದವರಿಗೆ ಮಾತ್ರ.

ಹೆಸರಿನ ಗೊಡವೆಯೇ ಇಲ್ಲದ ಪೇಟೆಯೂ ನಮ್ಮಲ್ಲಿದೆ ಎಂಬುದನ್ನು ಇಲ್ಲಿಯೇ ಹೇಳಬಹುದು. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದುಗೂಡಿಸುವ ಗಣಕೀಕೃತ ವೇದಿಕೆ 2014ರಲ್ಲಿ ಆರಂಭವಾಯಿತು. ದೇಶದ ಮಟ್ಟದ ಇ-ನಾಮ್ 2016ರ ಏಪ್ರಿಲ್ 14ರಂದು. ಅಲ್ಲಿ ರೈತನ ತೊಗರಿಯ ರಾಶಿಗೆ ಒಂದು ಲಾಟು ಸಂಖ್ಯೆ ಬೀಳುತ್ತದೆ, ವರ್ತಕರು ಆ ಸಂಖ್ಯೆಯ ಮೇಲೆ ದರ ಕೂಗುತ್ತಾರೆ. ಚಿಲ್ಲರೆ ಗಿರಾಕಿ ಮಾತ್ರ ಲಾಟು ಸಂಖ್ಯೆಯಿಂದ ಹುಡುಕುವುದಿಲ್ಲ; ಅವನಿಗೆ ಹೆಸರೇ ಬೇಕು.

ಹೆಸರು ಸಾಲದೆ ಹೋದಾಗ ಗಿರಾಕಿಯ ಕೈಹಿಡಿಯುವ ಇನ್ನೊಂದು ಉಪಾಯವುಂಟು. ದೊಡ್ಡ ಅಂಗಡಿಗಳ ಪುಟದ ಬದಿಯಲ್ಲಿ ಬೆಲೆ, ತೂಕ, ಊರು, ಬಗೆ ಎಂದು ಆರಿಸಿಕೊಳ್ಳುವ ಪಟ್ಟಿಗಳಿರುವುದನ್ನು ವಾಚಕರು ಕಂಡಿರಬಹುದು. ಒಂದು ವಸ್ತುವನ್ನು ಒಂದೇ ಗೂಡಿನಲ್ಲಿ ತುರುಕದೆ ಅದರ ಹಲವು ಮುಖಗಳಿಂದ ಗುರುತಿಸುವ ಈ ವಿಧಾನವನ್ನು ಗ್ರಂಥಾಲಯಗಳಿಗಾಗಿ ವ್ಯವಸ್ಥಿತವಾಗಿ ರೂಪಿಸಿದವರು ನಮ್ಮ ಎಸ್. ಆರ್. ರಂಗನಾಥನ್. ಅವರ ಕೋಲನ್ ವರ್ಗೀಕರಣ ಹೊರಬಂದದ್ದು 1933ರಲ್ಲಿ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆಯ ಕೇಂದ್ರವನ್ನೂ ಸ್ಥಾಪಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು 1931ರಲ್ಲಿ ಅವರು ಸಾರಿದ ಐದು ಸೂತ್ರಗಳಲ್ಲಿ ಒಂದು. ಪುಸ್ತಕದ ಕಪಾಟಿಗೆಂದು ಹುಟ್ಟಿದ ವಿದ್ಯೆ ಬೇಳೆಯ ಅಂಗಡಿಗೂ ಬಂದಿದೆಯೆಂದರೆ ಅವರಿಗೆ ಸಂತೋಷವೇ ಆಗುತ್ತಿತ್ತೆಂದು ನಮ್ಮ ಎಣಿಕೆ.

ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಕೊನೆಯ ಸಲಹೆ ಬಹಳ ಅಗ್ಗದ್ದು: ಯಾವ ಹುಡುಕಾಟಕ್ಕೆ ಏನೂ ಸಿಗಲಿಲ್ಲವೋ ಆ ಶಬ್ದಗಳನ್ನೆಲ್ಲ ಒಂದು ಕಡೆ ಬರೆದಿಡುವುದು. ಯಂತ್ರವೇ ಅದನ್ನು ಬರೆದಿಡಬಲ್ಲುದು. ಸಿಕ್ಕಿದವರು ಕೊಂಡು ಹೋಗುತ್ತಾರೆ. ಸಿಗದವರು ಸದ್ದಿಲ್ಲದೆ ಹೋಗುತ್ತಾರೆ. ಅಂಗಡಿಯ ಕೊರತೆಯನ್ನು ಬಲ್ಲವರು ಈ ಎರಡನೆಯವರು. ಪಟ್ಟಿಯಲ್ಲಿ ಬ್ಯಾಳಿ ಇತ್ತು, ಜ್ವಾಳ ಇತ್ತು, ತುವರ್ ಇತ್ತು. ಇವುಗಳನ್ನು ಸೂತ್ರದಿಂದಲೂ ಪಟ್ಟಿಯಿಂದಲೂ ಸರಿಪಡಿಸಿದ್ದಾಯಿತು. ಅನಿರೀಕ್ಷಿತವಾಗಿ 'ತೊಗರಿ ಹೊಟ್ಟು' ಎಂಬುದು ಮತ್ತೆ ಮತ್ತೆ ಬಂದಿತ್ತು. ದನಗಳ ಮೇವಿಗೆ ಅದನ್ನು ಕೇಳುವವರಿದ್ದರು. ಗಿರಣಿಯಲ್ಲಿ ಹೊಟ್ಟು ಬೇಕಾದಷ್ಟಿತ್ತು. ಅದನ್ನು ಅಂಗಡಿಯಲ್ಲಿಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಇಟ್ಟರೆ ಕಳುಹಿಸುವುದು ಹೇಗೆ? ಸಾಗಣೆಯ ಸಂಸ್ಥೆಗಳು ಪೆಟ್ಟಿಗೆಯನ್ನು ತೂಗುವುದಷ್ಟೇ ಅಲ್ಲ, ಅಳೆಯುತ್ತವೆ ಕೂಡ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸಿ ಬಂದುದನ್ನು ಕಿಲೋಗ್ರಾಮಿನ ತೂಕವೆಂದು ಹಿಡಿದು, ನಿಜವಾದ ತೂಕ ಮತ್ತು ಇದು ಎರಡರಲ್ಲಿ ದೊಡ್ಡದಕ್ಕೆ ಕೂಲಿ ಹಾಕುತ್ತವೆ. 30, 30, 20 ಸೆಂಟಿಮೀಟರಿನ ಪೆಟ್ಟಿಗೆಗೆ ಇದು 3.6 ಕಿಲೋಗ್ರಾಮ್. ಅದರ ತುಂಬ ಬೇಳೆಯಿದ್ದರೆ 14 ಕಿಲೋಗ್ರಾಮಿನ ಮೇಲೆ ತೂಗುವುದರಿಂದ ನಿಜವಾದ ತೂಕಕ್ಕೆ ಕೂಲಿ. ಖಡಕ್ ರೊಟ್ಟಿಯಿದ್ದರೆ, ಮುರಿಯದಂತೆ ಸುತ್ತ ಮೆತ್ತೆ ಇಟ್ಟಮೇಲೆ, ಎರಡು ಕಿಲೋಗ್ರಾಮ್ ಇದ್ದೀತು. ಕೂಲಿ ಮಾತ್ರ 3.6ಕ್ಕೆ. ಬೇಳೆಯು ತೂಕಕ್ಕೆ ತೆತ್ತರೆ ರೊಟ್ಟಿಯು ಗಾಳಿಗೂ ತೆರಬೇಕು. ಹೊಟ್ಟಿನ ಗತಿಯಂತೂ ಕೇಳುವುದೇ ಬೇಡ. ಅದರ ಬೆಲೆಗಿಂತ ಅದರೊಳಗಿನ ಗಾಳಿಯ ಕೂಲಿಯೇ ಹೆಚ್ಚು. ಆದ್ದರಿಂದ ಹುಡುಗನು ಹೊಟ್ಟಿನ ಸಾಲಿಗೊಂದು ಷರತ್ತು ಸೇರಿಸಿದನು. ಕೊಳ್ಳುವವನ ಪಿನ್ ಸಂಖ್ಯೆ 585ರಿಂದ ಆರಂಭವಾದರೆ ಮಾತ್ರ ಅದು ತೋರುತ್ತದೆ, ಗಿರಣಿಗೇ ಬಂದು ಒಯ್ಯಬೇಕೆಂಬ ಒಂದು ಸಾಲಿನೊಡನೆ. ಈಗ ಬೇಸಗೆಯಲ್ಲಿ ಗಿರಣಿಯ ಮುಂದೆ ಎತ್ತಿನ ಬಂಡಿಗಳೂ ಸಣ್ಣ ಟೆಂಪೋಗಳೂ ಬಂದು ನಿಲ್ಲುತ್ತವೆ. ಬಂದವರಲ್ಲಿ ಕೆಲವರು ಹೋಗುವಾಗ ಬ್ಯಾಳಿಯನ್ನೂ ಕೊಂಡೊಯ್ಯುತ್ತಾರೆ.